ಕಡ್ಲೆಪುರಿಯ ಹೊಟ್ಟೆಯಲ್ಲೋ, ಬೊಂಬೆಯ ಹೊಟ್ಟೆಯಲ್ಲೋ

ಕಳೆದ ವಾರ ನನ್ನದೊಂದು ಸೂಜಿ ಕಳೆದುಹೋಯಿತು.

ಇದೂ ಒಂದು ಸುದ್ದಿಯೇ? ಅಂಗಡಿಗೆ ಹೋದರೆ ಇನ್ನೊಂದು ಸಿಗುವುದಿಲ್ಲವೇ? ಸಿಗುತ್ತದೆ. ಆದರೆ ಇದು ನಡುಬೆರಳುದ್ದದ ಸೂಜಿ. ಬೊಂಬೆಯ ಎಡಗಿವಿಯಲ್ಲಿ ಹೊಕ್ಕು ಬಲಗಿವಿಯಲ್ಲಿ ಹೊರಗೆ ಬರುವಂಥದ್ದು. ಅಂಥದ್ದು ಬೆಕ್ಕುಗಳಿರುವ ಮನೆಯಲ್ಲಿ ಮಾಯವಾದರೆ ಎದೆ ಝಲ್ ಅನ್ನದೆ ಇರುತ್ತದೆಯೇ?

ನಮ್ಮ ಗುಂಡ್ಲುಪೇಟೆ ಮನೆಯ ಸಂಸಾರ ಈ ಅಂಕಣ ಓದುವವರಿಗೆ ಹೊಸದಲ್ಲ. ಹೆದ್ದಾರಿಯಲ್ಲಿ ಗಾಡಿಗೆ ಸಿಕ್ಕಿ ಬದುಕಿದ ಮೂರು ಕಾಲಿನ ರಾಣಿ ಇದ್ದಾಳೆ. ಚೆಂಡು ಹೂ ತುಂಬಿಸಲು ಕೇರಳದಿಂದ ಬಂದ ಲಾರಿಯಿಂದ ಇಳಿದು, ವಾಪಸ್ ಹತ್ತುವುದನ್ನು ಮರೆತ ಚೇಟ ಇದ್ದಾನೆ. (ಅವನಿಗೆ ಇವತ್ತಿಗೂ ಮೀನು ಬಿಟ್ಟರೆ ಬೇರೆ ಊಟ ರುಚಿಸುವುದಿಲ್ಲ.) ಇವರ ಜೊತೆಗೆ ನಾನು ಹೊಲಿಯುವ ಬಟ್ಟೆಯ ಬೆಕ್ಕುಗಳು. ಟಿಕೆಟ್ ಚೀಲ ನೇತುಹಾಕಿಕೊಂಡ ಕಂಡಕ್ಟರ್ ಬೆಕ್ಕು. ಕನ್ನಡಕ ಮೂಗಿಗೆ ಜಾರಿಸಿಕೊಂಡು ತೂಕಡಿಸುವ ಹೆಡ್‌ಮಾಸ್ಟರ್ ಬೆಕ್ಕು. ಜೀವವಿರುವ ಬೆಕ್ಕುಗಳ ಮುಖಭಾವ ಕದ್ದು ಬಟ್ಟೆಯವಕ್ಕೆ ಹಚ್ಚುವುದು ನನ್ನ ಕೆಲಸ. ಬಟ್ಟೆಯವು ಮಾರಾಟವಾದರೆ ಜೀವವಿರುವವಕ್ಕೆ ಊಟ. ಯಾರು ಯಾರನ್ನು ಸಾಕುತ್ತಿದ್ದಾರೋ ನನಗೂ ಸರಿಯಾಗಿ ಗೊತ್ತಿಲ್ಲ.

ಈ ಮನೆಗೆ ಹೊಸದಾಗಿ ಸೇರಿದವಳು ಕಡ್ಲೆಪುರಿ. ಮೈಯೆಲ್ಲ ಪುರಿಯ ಹಾಗೆ ಬಿಳುಪು, ನಡುನಡುವೆ ಹುರಿಗಡಲೆ ಬಣ್ಣದ ಚುಕ್ಕೆ. ಹೆಸರಿಟ್ಟವಳು ನಾನಲ್ಲ, ಬೇಗೂರಿನ ಸಿಂಚನಾ. ಎರಡನೇ ಕ್ಲಾಸಿನ ಹುಡುಗಿ. ರಸ್ತೆ ಬದಿಯ ಮೋರಿಯಲ್ಲಿ ಬಿದ್ದು ಒದ್ದಾಡುತ್ತಿದ್ದ ಮರಿಯನ್ನು ಎತ್ತಿ ತಂದು ಸಾಕಿದವಳೂ ಅವಳೇ. ಆಮೇಲೆ ಅವಳಿಗೊಬ್ಬ ತಮ್ಮ ಹುಟ್ಟಿದ. ಪಾಪುವಿಗೆ ಉಸಿರು ಗೊರಗೊರ. ಮನೆಯೊಳಗೆ ಬೆಕ್ಕು ಬೇಡ ಅಂದರು ಡಾಕ್ಟರು. ಅವಳ ಅಜ್ಜಿ ಸಾಕಮ್ಮ ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು, ಮೊಮ್ಮಗಳನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದರು.

ಸಿಂಚನಾ ಅಳಲಿಲ್ಲ. ಹಟವನ್ನೂ ಮಾಡಲಿಲ್ಲ. ಗೋಡೆಗೆ ಒರಗಿಸಿಟ್ಟಿದ್ದ ಬೊಂಬೆಗಳನ್ನು ಬಹಳ ಹೊತ್ತು ನೋಡಿ ಕೇಳಿದಳು.

"ಬೆಕ್ಕಾಂಟಿ, ನಮ್ ಪುರಿ ತರದ್ದೇ ಒಂದು ಮಾಡ್ಕೊಡ್ತೀರಾ? ಸೀರೆ ಉಡ್ಸಿ. ಮದ್ವೆಗೆ ಓಗೋ ತರ."

ಮಾಡಿಕೊಡದೆ ಇರುವುದಕ್ಕಾಗುತ್ತದೆಯೇ? ಹಳೆಯ ರೇಷ್ಮೆ ಸೀರೆಯ ಅಂಚು ಹುಡುಕಿದೆ. ಪಕ್ಕದ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಶಾಹಿದಾ ಬಿಳಿ ಬಟ್ಟೆ ಕೊಟ್ಟಳು. ಕಡ್ಲೆಪುರಿಯನ್ನು ಎದುರಿಗೆ ಕೂರಿಸಿಕೊಂಡು ಚುಕ್ಕೆಗಳನ್ನು ಅಲ್ಲಲ್ಲೇ ಹಚ್ಚಿದೆ. ಹಾಲು ತಡವಾದರೆ ಅವಳು ಮುಖ ಊದಿಸಿಕೊಂಡು ಕೂರುತ್ತಾಳಲ್ಲ, ಅದೇ ಮುಖ ಬಂತು. ಥೇಟ್ ಮೊದಲ ಪಂಕ್ತಿಯಲ್ಲಿ ಎಲೆ ಸಿಗದ ಬೀಗಿತಿ!

ಸಂತೆಗೆ ಬಂದಿದ್ದ ಸಾಕಮ್ಮ ಬೊಂಬೆ ತೆಗೆದುಕೊಂಡು ಹೋಗಲು ಬಂದಾಗ ಬಾಲ ಹೊಲಿಯುವುದೊಂದು ಬಾಕಿಯಿತ್ತು. "ಬಸ್ಸು ಬಂದ್ಬುಡ್ತದೆ ಕಣವ್ವ" ಅಂತ ಅವರು ಬಾಗಿಲಲ್ಲೇ ನಿಂತಿದ್ದರು. ಸರಸರನೆ ಹೊಲಿದೆ, ದಾರ ಕತ್ತರಿಸಿದೆ, ಕೊಟ್ಟು ಕಳಿಸಿದೆ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಕೂತರೆ ಸೂಜಿ ಇಲ್ಲ.

ಚಾಪೆ ಕೊಡವಿದೆ. ಬಟ್ಟೆ ಬುಟ್ಟಿ ಬೋರಲು ಹಾಕಿದೆ. ಶಾಹಿದಾ ಅಂಗಡಿಯಿಂದ ಆಯಸ್ಕಾಂತ ತಂದು ಮನೆಯೆಲ್ಲ ಎಳೆದಳು. ಒಂದು ಹೇರ್‌ಪಿನ್, ಎರಡು ಮೊಳೆ, ಯಾವ ಕಾಲದಲ್ಲೋ ಕಳೆದಿದ್ದ ಸೇಫ್ಟಿಪಿನ್. ಸೂಜಿ ಮಾತ್ರ ಇಲ್ಲ.

ಆಗ ನೋಡಿದೆ. ಕಡ್ಲೆಪುರಿ ಅಡುಗೆಮನೆಯ ಮೂಲೆಯಲ್ಲಿ ಮುದುರಿಕೊಂಡಿದ್ದಳು. ಬೆಳಗಿನ ಹಾಲು ಹಾಗೇ ಇತ್ತು. ಬಾಯಿಂದ ಜೊಲ್ಲು. ಪಕ್ಕದಲ್ಲಿ ವಾಂತಿ ಮಾಡಿಕೊಂಡಿದ್ದಳು. ಅದರೊಳಗೆ ಕೆಂಪು ದಾರದ ತುಂಡು. ಸೀರೆಯಂಚು ಹೊಲಿದ ಅದೇ ದಾರ.

"ಯಾ ಅಲ್ಲಾ," ಅಂದಳು ಶಾಹಿದಾ. "ಅಕ್ಕಾ, ದಾರ ನುಂಗಿದಾಳೆ ಅಂದ್ರೆ ಸೂಜೀನೂ..."

 

ಪರಿಚಯದ ಪ್ರಾಣಿಗಳ ಡಾಕ್ಟರಿಗೆ ಫೋನ್ ಮಾಡಿದೆ. ಕಾಯಬೇಡಿ, ಚಾಮರಾಜನಗರಕ್ಕೆ ಹೋಗಿ ಎಕ್ಸ್‌ರೇ ಮಾಡಿಸಿ ಅಂದರು. ಶಾಹಿದಾ ಅಂಗಡಿಯ ಬಾಗಿಲು ಎಳೆದು, ಬುರ್ಖಾ ಹಾಕಿಕೊಂಡು, "ನಡೀರಿ" ಅಂದಳು. ಮುಚ್ಚಳದ ಬುಟ್ಟಿಯಲ್ಲಿ ಕಡ್ಲೆಪುರಿಯನ್ನು ಇಟ್ಟು ಬಸ್ಸು ಹತ್ತಿದೆವು.

ತೆರಕಣಾಂಬಿ ದಾಟುವವರೆಗೂ ರಸ್ತೆಯ ಪ್ರತಿ ಉಬ್ಬಿಗೂ ನಾನು ಬುಟ್ಟಿಯನ್ನು ತೊಡೆಯಿಂದ ಮೇಲೆತ್ತಿ ಹಿಡಿಯುತ್ತಿದ್ದೆ. ಹೊಟ್ಟೆಯೊಳಗೆ ಸೂಜಿ ಇದ್ದರೆ ಕುಲುಕಿದಾಗ ಏನಾದೀತು? ಬೇರೆ ಏನನ್ನು ಯೋಚಿಸಲು ಹೋದರೂ ತಲೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಜೊತೆಗೆ ಇನ್ನೊಂದು ಚಿಂತೆ. ಅಳದೆ, ಹಟ ಮಾಡದೆ ಬೆಕ್ಕನ್ನು ನನ್ನ ಕೈಗೆ ಕೊಟ್ಟು ಹೋದಳಲ್ಲ ಆ ಹುಡುಗಿ, ಅವಳಿಗೆ ಏನು ಹೇಳುವುದು? ನಿನ್ನ ಬೊಂಬೆ ಹೊಲಿದ ಸೂಜಿಯೇ ನಿನ್ನ ಬೆಕ್ಕನ್ನು ತಿಂದುಹಾಕಿತು ಅಂತಲೇ?

ಪ್ರಾಣಿಗಳ ಕ್ಲಿನಿಕ್ಕಿನಲ್ಲಿದ್ದವರು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಕಡ್ಲೆಪುರಿಯ ಬಾಯಿ ಬಿಡಿಸಿ ನಾಲಿಗೆಯ ಅಡಿ ನೋಡಿದರು. ಹೊಟ್ಟೆ ಒತ್ತಿ ನೋಡಿದರು. ಎಕ್ಸ್‌ರೇ ತೆಗೆದರು. ನಾವು ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ನಾನು ನನಗೆ ಗೊತ್ತಿದ್ದ ದೇವರುಗಳನ್ನೆಲ್ಲ ಕರೆದೆ. ಶಾಹಿದಾ ಕಣ್ಣು ಮುಚ್ಚಿ ಅವಳ ಪಾಡಿಗೆ ಏನೋ ಹೇಳಿಕೊಳ್ಳುತ್ತಿದ್ದಳು.

ಡಾಕ್ಟರಮ್ಮ ಕರೆದು ಕಂಪ್ಯೂಟರ್ ತೋರಿಸಿದರು. ಕಡ್ಲೆಪುರಿಯ ಬೆನ್ನೆಲುಬು, ಪಕ್ಕೆಲುಬು, ಪುಟ್ಟ ಪುಟ್ಟ ಕಾಲು.

"ಇದ್ರಲ್ಲಿ ಸೂಜಿ ಎಲ್ಲಿದೆ ಡಾಕ್ಟ್ರೇ?"

"ಇಲ್ಲಮ್ಮ. ಸೂಜಿ ಇದ್ರೆ ಎದ್ದು ಕಾಣ್ತಿತ್ತು. ದಾರ ತಿಂದು ಹೊಟ್ಟೆ ಕೆಟ್ಟಿದೆ ಅಷ್ಟೆ. ಅದನ್ನ ವಾಂತಿ ಮಾಡ್ಕೊಂಡಿದ್ದು ಒಳ್ಳೇದೇ ಆಯ್ತು. ಇಂಜೆಕ್ಷನ್ ಕೊಡ್ತೀನಿ. ಮತ್ತೆ ವಾಂತಿಯಾದ್ರೆ ಮಾತ್ರ ಕರ್ಕೊಂಡು ಬನ್ನಿ."

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಕಡ್ಲೆಪುರಿ ಇಂಜೆಕ್ಷನ್ ಕೊಟ್ಟ ಡಾಕ್ಟರಮ್ಮನ ಕೈ ಪರಚಿದಳು. (ಕ್ಷಮಿಸಿ ಡಾಕ್ಟ್ರೇ, ಅವತ್ತು ನನಗೆ ಅದಕ್ಕಿಂತ ಖುಷಿಯ ವಿಷಯ ಇರಲಿಲ್ಲ.)

ಹೊರಗೆ ಬಂದೆವು. ಬಸ್ ಸ್ಟ್ಯಾಂಡ್ ಹತ್ತಿರ ಟೀ ಹೇಳಿದೆವು. ಶಾಹಿದಾ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು.

"ಅಕ್ಕಾ... ಹಂಗಾದ್ರೆ ಸೂಜಿ ಎಲ್ಲಿ?"

ನಾನು ಬಾಲ ಹೊಲಿದದ್ದು ನೆನಪಾಯಿತು. ಸರಸರನೆ ಹೊಲಿದದ್ದು. ದಾರ ಕತ್ತರಿಸಿದ್ದು ನೆನಪಿದೆ. ಸೂಜಿಯನ್ನು ಹೊರಗೆ ಎಳೆದದ್ದು?

ನೆನಪಿಲ್ಲ.

ಸಾಕಮ್ಮನ ನಂಬರಿಗೆ ಫೋನ್ ಹಚ್ಚಿದೆ. ಎತ್ತಿದವಳು ಸಿಂಚನಾ.

"ಅಜ್ಜಿ ಒಲಕ್ಕೆ ಓಗವ್ಳೆ. ಅವ್ವ ಮಲ್ಗವ್ಳೆ."

"ಬೊಂಬೆ ಎಲ್ಲಿದೆಯಮ್ಮ?"

"ಪಾಪು ಪಕ್ಕದಲ್ಲಿ. ಪಾಪು ಬಾಲ ಚೀಪ್ತಾ ಅದೆ!"

"ಸಿಂಚನಾ, ಆ ಬೊಂಬೆ ತಕ್ಷಣ ತಗೊಂಡು ಮೇಲೆ ಇಟ್ಟುಬಿಡು. ಯಾರೂ ಮುಟ್ಟಬಾರ್ದು. ನಾನು ಈಗಲೇ ಬಂದು ತಗೊಂಡು ಹೋಗ್ತೀನಿ" ಅಂದೆ. ಹೆದರಿದ್ದೆನಲ್ಲ, ದನಿ ಗದರಿದ ಹಾಗೇ ಬಂದಿರಬೇಕು.

ಆ ಕಡೆಯಿಂದ ಬಂದದ್ದು ಒಂದೇ ಮಾತು.

"ಪುರೀನೂ ಇಸ್ಕೊಂಡ್ರಿ. ಈಗ ಬೊಂಬೇನೂ ಇಸ್ಕೊಂಡೀರಾ?"

ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್.

ಚಾಮರಾಜನಗರದಿಂದ ಗುಂಡ್ಲುಪೇಟೆ, ಅಲ್ಲಿಂದ ಮೈಸೂರು ರಸ್ತೆಯಲ್ಲಿ ಬೇಗೂರು. ಆ ದಾರಿಯನ್ನು ನಾನು ಅದೆಷ್ಟು ಸಲ ಓಡಾಡಿಲ್ಲ? ಅವತ್ತಿನಷ್ಟು ಉದ್ದ ಅದು ಯಾವತ್ತೂ ಇರಲಿಲ್ಲ. ಪಾಪುವಿನ ಬಾಯಿ, ಬಾಲ, ಸೂಜಿ. ಪಾಪುವಿನ ಬಾಯಿ, ಬಾಲ, ಸೂಜಿ. ಶಾಹಿದಾ ದಾರಿಯುದ್ದಕ್ಕೂ ಫೋನ್ ಹಚ್ಚುತ್ತಲೇ ಇದ್ದಳು. ಬುಟ್ಟಿಯೊಳಗೆ ಕಡ್ಲೆಪುರಿ ಮಾತ್ರ ಇಂಜೆಕ್ಷನ್ನಿನ ಸುಖದಲ್ಲಿ ನಿದ್ದೆ ಹೊಡೆಯುತ್ತಿದ್ದಳು.

ಬೇಗೂರಿನಲ್ಲಿ ಇಳಿದು ಓಡಿದೆವು. ಸಾಕಮ್ಮ ಬೀದಿಯಲ್ಲೇ ನಿಂತು ಮೊಮ್ಮಗಳ ಹೆಸರು ಹಿಡಿದು ಕೂಗುತ್ತಿದ್ದರು.

"ಪಾಪು?" ಅಂದೆ ನಾನು.

"ಪಾಪು ಸಂದಾಗವ್ನೆ, ಅವ್ರವ್ವನ ತಾವ್ ಹಾಲ್ ಕುಡಿತಾವ್ನೆ. ಈ ಮಗೀನೇ ಕಾಣ್ತಿಲ್ಲ ಕಣವ್ವ. ನಾನು ಒಲದಿಂದ ಬರೋ ಒತ್ಗೆ ಬೊಂಬೆ ಎತ್ಕೊಂಡು ಎತ್ತಗೋ ಓಗ್ಬುಟ್ಟದೆ!"

ನಾನು ಒಳಗೆ ಹೋಗಿ ಪಾಪುವಿನ ಬಾಯಿ, ಕೈ, ತುಟಿ ಎಲ್ಲ ನೋಡಿದೆ. ಒಂದು ಗೀರೂ ಇಲ್ಲ. ತಾಯಿ ಗಾಬರಿಯಾಗಿ ಏನಾಯಿತು ಅಂದಳು. ಹೇಳಿದೆ. ಒಂದು ಜೀವ ಕ್ಷೇಮ. ಆದರೆ ಇನ್ನೊಂದು ಜೀವ ಅದೇ ಬೊಂಬೆಯನ್ನು ಎಲ್ಲೋ ಅಪ್ಪಿ ಹಿಡಿದುಕೊಂಡು ಕೂತಿದೆಯಲ್ಲ? ಬಲವಾಗಿ ಅಪ್ಪಿದಷ್ಟೂ ಅಪಾಯ.

ಶಾಹಿದಾ ಹಿತ್ತಲಿಗೆ ಹೋದವಳು ಅಲ್ಲಿಂದಲೇ ಕೈಸನ್ನೆ ಮಾಡಿದಳು. ಕೊಟ್ಟಿಗೆಯಲ್ಲಿ ಅರಿಶಿನದ ಚೀಲಗಳನ್ನು ಜೋಡಿಸಿಟ್ಟಿದ್ದರು. ಚೀಲಗಳ ಹಿಂದೆ ರೇಷ್ಮೆ ಸೀರೆಯ ತುದಿ ಕಾಣುತ್ತಿತ್ತು.

"ಬಾರಮ್ಮಿ ಈಚೆಗೆ! ಎಷ್ಟು ಕೂಗ್ಸ್ಕತಿಯೆ?" ಅಂತ ಸಾಕಮ್ಮ ಗದರಿದರು. ಸೀರೆಯ ತುದಿ ಇನ್ನಷ್ಟು ಒಳಗೆ ಸರಿಯಿತು.

ನಾನು ಚೀಲಗಳ ಮುಂದೆ ನೆಲದ ಮೇಲೆ ಕೂತೆ.

"ಸಿಂಚನಾ, ನಾನು ಬೊಂಬೆ ಇಸ್ಕೊಳ್ಳೋಕೆ ಬಂದಿಲ್ಲಮ್ಮ. ಅದನ್ನ ಹೊಲಿಯುವಾಗ ಸೂಜಿ ಒಳಗೇ ಬಿಟ್ಟುಬಿಟ್ಟಿದ್ದೀನಿ ಅನ್ಸುತ್ತೆ. ಪಾಪುಗೋ ನಿಂಗೋ ಚುಚ್ಚಿದ್ರೆ ಅಂತ ಭಯ ಆಯ್ತು. ಅದಕ್ಕೆ ಓಡಿ ಬಂದೆ."

ಚೀಲಗಳ ಹಿಂದಿನಿಂದ ಸಣ್ಣ ದನಿ.

"ಹಂಗಂತ ಪೋನಲ್ಲೇ ಏಳ್ಬಾರ್ದಿತ್ತಾ?"

ಹೇಳಬಹುದಿತ್ತು. ಒಂದೇ ಒಂದು ವಾಕ್ಯ ಸಾಕಿತ್ತು. ಚಿಕ್ಕವಳು, ಅವಳಿಗೇನು ವಿವರಿಸುವುದು, ಮೊದಲು ಮಾತು ಕೇಳಲಿ ಅಂದುಕೊಂಡೆ. ದೊಡ್ಡವರ ಮಾಮೂಲಿ ಲೆಕ್ಕಾಚಾರ.

ಸಿಂಚನಾ ಹೊರಗೆ ಬಂದಳು. ಮುಖದ ತುಂಬ ಅರಿಶಿನದ ಪುಡಿ, ಅದರ ಮೇಲೆ ಕಣ್ಣೀರಿನ ಗೆರೆ. ಬೊಂಬೆಯನ್ನು ಕತ್ತು ಹಿಡಿದು, ಮೈಯಿಂದ ದೂರಕ್ಕೆ ಚಾಚಿಕೊಂಡು ತಂದಳು. ಕಾರಣ ತಿಳಿದ ಮೇಲೆ ಎಷ್ಟು ಜೋಪಾನ ನೋಡಿ!

"ಬಿಚ್ಚಿದ್ರೆ ಅದ್ಕೆ ನೋಯ್ತದ?"

"ಇಲ್ಲ. ಆಮೇಲೆ ಮತ್ತೆ ಹೊಲಿದು ಕೊಡ್ತೀನಿ, ನಿನ್ನ ಮುಂದೇನೇ."

ಜಗಲಿಯ ಮೇಲೆ ಕೂತೆವು. ನಾನು ಬಾಲದ ಹೊಲಿಗೆ ಬಿಚ್ಚಿದೆ. ಶಾಹಿದಾ ಹತ್ತಿಯನ್ನು ಎಳೆ ಎಳೆಯಾಗಿ ಹೊರಗೆ ತೆಗೆದಳು. ಬುಡದಲ್ಲಿ, ಹತ್ತಿಯ ನಡುವೆ, ಅಡ್ಡಡ್ಡವಾಗಿ ಮಲಗಿತ್ತು ಸೂಜಿ. ಮೊನೆ ಬಟ್ಟೆಯ ಹತ್ತಿರಕ್ಕೇ ಬಂದಿತ್ತು.

ಮೊದಲು ನಕ್ಕವಳು ಶಾಹಿದಾ. ಅವಳ ನಗು ನನಗೆ ಅಂಟಿತು, ನಕ್ಕೂ ನಕ್ಕೂ ನನಗೆ ಅಳು ಬಂತು. ಪಾಪುವಿನ ತಾಯಿ ಬಾಗಿಲಿಗೆ ಬಂದು ಸೂಜಿ ನೋಡಿ ಮಗುವನ್ನು ಎದೆಗೆ ಒತ್ತಿಕೊಂಡಳು. ಅವಳು ಬೈದಿದ್ದರೆ ಬೈಸಿಕೊಳ್ಳಲು ನಾನು ತಯಾರಿದ್ದೆ. ಅವಳು ಬೈಯಲಿಲ್ಲ. "ಓಡಿ ಬಂದ್ರಲ್ಲಕ್ಕ, ಅಷ್ಟು ಸಾಕು ಬುಡಿ" ಅಂದಳು.

ಸಾಕಮ್ಮ ಎಲ್ಲರಿಗೂ ಮಜ್ಜಿಗೆ ತಂದರು. ಅಂಗಳದ ಆ ತುದಿಯಲ್ಲಿ ಸಿಂಚನಾ ಬುಟ್ಟಿಯ ಮುಚ್ಚಳ ತೆಗೆದು ಕಡ್ಲೆಪುರಿಯ ಗದ್ದ ಕೆರೆಯುತ್ತಿದ್ದಳು.

"ಇವ್ಳಿಗೆ ಇಂಜೆಕ್ಷನ್ ಕೊಟ್ರಾ?"

"ಕೊಟ್ರು."

"ಅತ್ತಳಾ?"

"ಅಳಲಿಲ್ಲ. ಡಾಕ್ಟರನ್ನೇ ಪರಚಿದಳು."

ಸಿಂಚನಾ ನಕ್ಕಳು. ಅವಳ ನಗು ನಾನು ಕೇಳಿದ್ದು ಅದೇ ಮೊದಲು.

"ಬೆಕ್ಕನ್ನ ನಮ್ಮ ಮನೆಗೆ ಯಾಕೆ ಕೊಟ್ರಿ ಅಂತ ಅವಳಿಗೆ ಹೇಳಿದ್ರಾ?" ಅಂತ ಸಾಕಮ್ಮನನ್ನು ಮೆಲ್ಲಗೆ ಕೇಳಿದೆ.

ಸಾಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಇಲ್ಲ ಕಣವ್ವ. ಪಾಪುಗೆ ಆಗಲ್ಲ ಅಂದ್ರೆ ತಮ್ಮನ್ ಮೇಲೆ ಕ್ವಾಪ ಮಾಡ್ಕತಳೆ ಅಂತ... ಊರಲ್ಲಿ ಬೆಕ್ಕು ಮಡಗ್ಬಾರ್ದು ಅಂತ ರೂಲ್ಸ್ ಬಂದದೆ ಅಂದ್ಬುಟ್ಟೊ."

"ಎದುರ್ಮನೇಲಿ ಮೂರವೆ," ಅಂದಳು ಅಲ್ಲಿಂದಲೇ ಸಿಂಚನಾ, ತಲೆ ಎತ್ತದೆ.

ಆಮೇಲೆ ಪಾಪುವಿನ ತಾಯಿಯೇ ಮಗಳನ್ನು ಹತ್ತಿರ ಕರೆದು, ತಮ್ಮನ ಎದೆಯ ಮೇಲೆ ಅವಳ ಕೈ ಇಡಿಸಿದಳು. "ಇಲ್ಲಿ ಗೊರಗೊರ ಅಂತದಲ್ಲ, ಗೊತ್ತಾಯ್ತದಾ? ಬೆಕ್ಕಿನ ಕೂದ್ಲು ಒಳಿಕೋದ್ರೆ ಇದು ಜಾಸ್ತಿಯಾಯ್ತದೆ. ಅದ್ಕೇ ಕಣಮ್ಮಿ." ಸಿಂಚನಾ ಬಹಳ ಹೊತ್ತು ಕೈ ತೆಗೆಯಲಿಲ್ಲ. ಕೋಪ ಮಾಡಿಕೊಳ್ಳಲೂ ಇಲ್ಲ. ಎದ್ದು ಹೋಗಿ, ಬೆಕ್ಕು ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆದುಕೊಂಡು ಬಂದಳು. ಯಾರೂ ಹೇಳಿರಲಿಲ್ಲ.

ಬೀಗಿತಿ ಬೆಕ್ಕಿಗೆ ಅವಳ ಮುಂದೆಯೇ ಬಾಲ ಹೊಲಿದು ಕೊಟ್ಟೆ. ಕಡ್ಲೆಪುರಿ ಸಂಜೆ ಮನೆಯಲ್ಲಿ ಹಾಲು ಕುಡಿದು, ಇನ್ನೂ ಬೇಕು ಅಂತ ಮುಖ ಊದಿಸಿಕೊಂಡು ಕೂತಳು. ಆ ಮುಖ ನೋಡಿ ಅವತ್ತು ಬಂದಂಥ ನಿದ್ದೆ ಈಚೆಗೆ ಬಂದಿರಲಿಲ್ಲ. ಸಿಂಚನಾ ಇನ್ನು ಮೇಲೆ ಅಜ್ಜಿಯ ಜೊತೆ ಸಂತೆಗೆ ಬಂದಾಗಲೆಲ್ಲ ನಮ್ಮ ಮನೆಗೆ ಬರುತ್ತಾಳೆ, ಪುರಿಯನ್ನು ನೋಡಲು.

ಅದೆಲ್ಲ ಸರಿ. ಮಗುವಿನ ಕೈಯಿಂದ ಏನನ್ನಾದರೂ ಇಸಿದುಕೊಳ್ಳುವಾಗ, ಯಾಕೆ ಅಂತ ಒಂದು ಮಾತು ಹೇಳಿದರೆ ನಮ್ಮ ಗಂಟೇನು ಹೋಗುತ್ತದೆ?