ತೀರ್ಪಿಗೆ ಸೇರದೆ ಹೋದ ಮಾತು

ಭಾನುವಾರ, ಬೆಳಿಗ್ಗೆ ಎಂಟೂಕಾಲು. ತ್ಯಾಗರಾಜನಗರದ ಮನೆ.

ಈಗಷ್ಟೇ ಮಿಲ್ಲಿನಿಂದ ರಾಗಿ ಹಿಟ್ಟು ತಂದೆ. ಸ್ಟೀಲ್ ಡಬ್ಬ ಇನ್ನೂ ಬಿಸಿಯಾಗಿದೆ. ಹಿಟ್ಟು ಆರುವ ಮೊದಲು ಬಿಗಿಯಾಗಿ ಮುಚ್ಚಬಾರದು ಎಂದು ಅಮ್ಮ ಹೇಳುತ್ತಾಳೆ. ಅದಕ್ಕೇ ಮುಚ್ಚಳವನ್ನು ಓರೆಯಾಗಿಟ್ಟು ಪಕ್ಕದಲ್ಲಿ ಕುಳಿತಿದ್ದೇನೆ. ಈ ಬಿಸಿ ಹಿಟ್ಟಿನ ವಾಸನೆ ಬಂದಾಗಲೆಲ್ಲ ನನಗೆ ಬಸವನಗುಡಿಯ ಆ ನಿವೃತ್ತ ನ್ಯಾಯಾಧೀಶರು ನೆನಪಾಗುತ್ತಾರೆ…

ಕೆಲವು ವರ್ಷಗಳ ಹಿಂದೆ, ಎಂ.ಎ. ಮುಗಿಸಿದ ಹೊಸದರಲ್ಲಿ, ನಾನು ಒಂದು ಸಂಶೋಧನೆಗೆ ಸಹಾಯಕಿಯಾಗಿ ಸೇರಿದ್ದೆ. ಕೆಳಗಿನ ನ್ಯಾಯಾಲಯಗಳು ತೀರ್ಮಾನಕ್ಕೆ ಹೇಗೆ ಬರುತ್ತವೆ, ಬಂದ ತೀರ್ಮಾನಕ್ಕೆ ಏನು ಕಾರಣ ಕೊಡುತ್ತವೆ ಎಂಬುದು ವಿಷಯ. ನನಗೆ ಪಾಠ ಹೇಳಿದ್ದ ಮೇಡಂ ಅದನ್ನು ನಡೆಸುತ್ತಿದ್ದರು. ಮನೆ, ಮಳಿಗೆ ಖಾಲಿ ಮಾಡಿಸುವ ಮೊಕದ್ದಮೆಗಳ ಹಳೆಯ ತೀರ್ಪುಗಳನ್ನು ಓದಿ, ಮಾಲೀಕರ ವಾದಕ್ಕೆ ಎಷ್ಟು ಸಾಲು, ಬಾಡಿಗೆದಾರರ ವಾದಕ್ಕೆ ಎಷ್ಟು ಸಾಲು ಎಂದು ಎಣಿಸುವುದು ನನ್ನ ಕೆಲಸ. ದಿನಚರಿಯಲ್ಲೂ ಗೀಟು ಎಳೆದು ಲೆಕ್ಕ ಇಡುವವಳಿಗೆ ಹೇಳಿ ಮಾಡಿಸಿದ ಕೆಲಸ ಅದು. ಆಮೇಲೆ ಆ ತೀರ್ಪು ಬರೆದವರನ್ನು ಹುಡುಕಿ ಮಾತಾಡಿಸಬೇಕಿತ್ತು. ಹೆಚ್ಚಿನವರು ಬಾಗಿಲಲ್ಲೇ ಕೈಮುಗಿದು ಕಳಿಸಿದರು. ಇವರು ಒಳಗೆ ಕರೆದು ಕೂರಿಸಿದರು.

ಗುರುವಾರ ಸಂಜೆ ನಾನು ಹೋಗುತ್ತಿದ್ದ ಹೊತ್ತು. ಗೇಟಿನ ಸದ್ದಾದರೆ ಸಾಕು, ಒಳಗಿನಿಂದಲೇ ಕೂಗುತ್ತಿದ್ದರು. "ಬಾಮ್ಮಾ ಆಡಿಟರ್! ಇವತ್ತು ನಂದು ಎಷ್ಟು ಸಾಲು ಎಣಿಸ್ದೆ?"

"ಎಣಿಸ್ಲಿ ಬಿಡಿ," ಎಂದು ಅವರ ಹೆಂಡತಿ ಅಡುಗೆಮನೆಯಿಂದ ಹೇಳುತ್ತಿದ್ದರು. "ಕಾಫಿಗೆ ಸಕ್ಕರೆ ಬೇಕಾ ಅಂದ್ರೂ ನಾಲ್ಕು ಪುಟ ಕಾರಣ ಕೊಡೋರು ನೀವು."

"ಕೊಟ್ರೂ ಅಪೀಲಲ್ಲಿ ನೀನೇ ಗೆಲ್ತೀಯಲ್ಲ!"

ಒಂದು ಗುರುವಾರ ನಾನು ಮಿಲ್ಲಿನಿಂದ ನೇರವಾಗಿ ಅಲ್ಲಿಗೆ ಹೋದೆ. ಹಿಟ್ಟಿನ ಡಬ್ಬವನ್ನು ಅವರ ಕುರ್ಚಿಯ ಪಕ್ಕದ ಸ್ಟೂಲಿನ ಮೇಲಿಟ್ಟೆ. ಅವರು ಮಾತು ನಿಲ್ಲಿಸಿ ಅದರ ಮೇಲೆ ಅಂಗೈ ಇಟ್ಟರು. "ಇನ್ನೂ ಬಿಸಿ ಇದೆ," ಎಂದರು. ಬಹಳ ಹೊತ್ತು ಕೈ ತೆಗೆಯಲಿಲ್ಲ…

ಆಮೇಲೆ ಅವರು ಹೇಳಿದ್ದು ಚಾಮರಾಜಪೇಟೆಯ ಒಂದು ಹಿಟ್ಟಿನ ಮಿಲ್ಲಿನ ಕಥೆ. ಗಂಡ ತೀರಿಕೊಂಡ ಮೇಲೆ ಒಬ್ಬ ಹೆಂಗಸು ಬಾಡಿಗೆ ಮಳಿಗೆಯಲ್ಲಿ ಅದನ್ನು ನಡೆಸುತ್ತಿದ್ದರು. ಮಗನಿಗೆ ಅಂಗಡಿ ಹಾಕಿಕೊಡಬೇಕು, ಮಳಿಗೆ ಬಿಡಿಸಿಕೊಡಿ ಎಂದು ಮಾಲೀಕರು ಇವರ ಕೋರ್ಟಿಗೆ ಬಂದಿದ್ದರು. ಇಬ್ಬರಲ್ಲಿ ಯಾರಿಗೆ ಹೆಚ್ಚು ಕಷ್ಟವಾಗುತ್ತದೆ ಎಂದು ನ್ಯಾಯಾಧೀಶರು ತೂಗಿ ನೋಡಬೇಕಿತ್ತು. ಮಿಲ್ಲನ್ನು ಬೇರೆ ಕಡೆ ಹಾಕಿಕೊಳ್ಳಲು ಏನು ತೊಂದರೆ ಎಂದು ಮಾಲೀಕರ ವಕೀಲರು ಕೇಳಿದಾಗ ಆಕೆ ಹೇಳಿದರಂತೆ: "ಮಿಲ್ಲನ್ನ ಎತ್ಕೊಂಡು ಹೋಗ್ಬಹುದು ಸ್ವಾಮಿ, ಡಬ್ಬ ಹಿಡ್ಕೊಂಡು ನಡ್ಕೊಂಡು ಬರೋರನ್ನ ಹೆಂಗೆ ಎತ್ಕೊಂಡು ಹೋಗ್ಲಿ?" ಹಾಲ್ ಪೂರ್ತಿ ನಕ್ಕಿತಂತೆ. ಇವರೂ ನಕ್ಕರಂತೆ.

ಆ ತೀರ್ಪನ್ನು ನಾನು ಓದಿದ್ದೆ. ಮಾಲೀಕರ ಅಗತ್ಯಕ್ಕೆ ಪುಟಗಟ್ಟಲೆ ಜಾಗ ಸಿಕ್ಕಿತ್ತು. ಆಕೆಯ ಕಷ್ಟಕ್ಕೆ ಮಾತ್ರ ಒಂದೇ ಸಾಲು: ಬಾಡಿಗೆದಾರಳು ಪ್ರಯತ್ನಿಸಿದರೆ ಬೇರೆ ಜಾಗ ಸಿಗದೆ ಇರದು. ಆ ನಗು ತರಿಸಿದ ಮಾತು ಎಲ್ಲೂ ಇರಲಿಲ್ಲ.

"ಆ ಸಾಲು ಆಯಮ್ಮಂಗೆ ಬರ್ದಿದ್ದಲ್ಲ ಕಣಮ್ಮ," ಎಂದರು. ಆಗ ಅವರದೇ ಮನೆಯಲ್ಲಿ ಬಾಡಿಗೆದಾರರೊಬ್ಬರು ಬಿಡದೆ ಕುಳಿತಿದ್ದರು. ಇವರು ಸಂಬಂಧಿಕರ ಮನೆಯಲ್ಲಿ ಇಕ್ಕಟ್ಟಿನಲ್ಲಿದ್ದರು. ಇವರ ಮೊಕದ್ದಮೆ ಇನ್ನೊಬ್ಬ ನ್ಯಾಯಾಧೀಶರ ಮುಂದೆ ವರ್ಷಗಳಿಂದ ಎಳೆಯುತ್ತಿತ್ತು. "ಕೇಳಿದಾಗೆಲ್ಲ 'ಬೇರೆ ಮನೆ ಸಿಗ್ತಿಲ್ಲ ಸಾರ್' ಅನ್ನೋನು. ಅವನ ಮುಖಕ್ಕೆ ಹೇಳ್ಬೇಕಾಗಿದ್ದನ್ನ ಆಯಮ್ಮನ ತೀರ್ಪಲ್ಲಿ ಬರೆದ್ಬಿಟ್ಟೆ. ಸೆಕ್ಷನ್ನು, ಹಳೇ ತೀರ್ಪು ಎಲ್ಲಾ ಆಮೇಲೆ ಜೋಡಿಸಿದ್ದು. ಚೆನ್ನಾಗೇ ಜೋಡಿಸಿದ್ದೆ. ಅಪೀಲಲ್ಲೂ ನಿಲ್ತು."

"ನಿಮ್ಮ ಮನೆ ಏನಾಯ್ತು ಸರ್?"

"ಅದ್ರಲ್ಲೇ ಕೂತಿದೀಯಲ್ಲ," ಎಂದರು.

ನಾನು ಹೊರಡುವಾಗ ಒಂದು ಮಾತು ಕೇಳಿಕೊಂಡರು. "ಇದನ್ನ ನನ್ನ ಹೆಸರು ಹಾಕೇ ಬರೀರಿ. ನಾನೊಂದ್ಸಲ ಆಯಮ್ಮನ್ನ ಹುಡುಕ್ಕೊಂಡು ಹೋಗಿದ್ದೆ. ಅಲ್ಲೀಗ ಮೊಬೈಲ್ ಅಂಗಡಿ, ಯಾರಿಗೂ ಗೊತ್ತಿಲ್ಲ. ತಾನು ಕೋರ್ಟಲ್ಲಿ ಸರಿಯಾಗಿ ಹೇಳ್ಲಿಲ್ಲ, ಅದಕ್ಕೇ ಮಿಲ್ಲು ಹೋಯ್ತು ಅಂತ ಆಯಮ್ಮ ಅಂದ್ಕೊಂಡಿರ್ತಾಳೆ. ಸರಿಯಾಗೇ ಹೇಳಿದ್ಲು. ಅಷ್ಟು ಗೊತ್ತಾಗ್ಬೇಕು ಅವಳಿಗೆ."

ಮೇಡಂ ಒಪ್ಪಲಿಲ್ಲ. ಮಾತಾಡಿದ ಯಾರ ಹೆಸರೂ, ಗುರುತೂ ಬರುವುದಿಲ್ಲ ಎಂದು ಮೊದಲೇ ಬರೆದುಕೊಟ್ಟಿದ್ದೆವು. "ಒಬ್ಬರಿಗೆ ಸಡಿಲಿಸಿದ್ರೆ ಉಳಿದೋರು ನಮ್ಮನ್ನ ಹೇಗಮ್ಮ ನಂಬ್ತಾರೆ?" ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಚ್ಚಾದ ವರದಿಯಲ್ಲಿ ಇವರು 'ನ್ಯಾಯಾಧೀಶ ಏಳು' ಆದರು. ಚಾಮರಾಜಪೇಟೆ 'ನಗರದ ಒಂದು ಹಳೆಯ ಬಡಾವಣೆ' ಆಯಿತು. ಮಿಲ್ಲು 'ಒಂದು ಸಣ್ಣ ಉದ್ದಿಮೆ' ಆಯಿತು. ಆಕೆಯ ಮಾತು 'ಗ್ರಾಹಕರು ಕೈತಪ್ಪುವ ಆತಂಕ' ಎಂಬ ಕಾಲಮ್ಮಿನಲ್ಲಿ ಒಂದು ಗೀಟಾಗಿ ಸೇರಿಕೊಂಡಿತು. ಆ ಗೀಟು ಎಳೆದವಳು ನಾನೇ…

ವರದಿಯ ಪ್ರತಿ ಕೊಡಲು ಹೋದಾಗ ನ್ಯಾಯಾಧೀಶರು ಕನ್ನಡಕ ಹಾಕಿಕೊಂಡು ಆ ಪುಟವನ್ನು ನಿಧಾನವಾಗಿ ಓದಿದರು. "ಚೆನ್ನಾಗಿ ಬರ್ದಿದೀರ. ನಾನೇ ಓದಿದ್ರೂ ನಾನು ಅಂತ ಗೊತ್ತಾಗಲ್ಲ," ಎಂದು ನಕ್ಕರು.

ಹೋದ ವರ್ಷ ಅವರು ತೀರಿಕೊಂಡರು. ಇದನ್ನು ಪತ್ರಿಕೆಗೆ ಬರೆಯಲೇ ಎಂದು ಮೊನ್ನೆ ಅವರ ಹೆಂಡತಿಯನ್ನು ಕೇಳಿದೆ. "ಹೆಸರು ಬೇಡಮ್ಮ. ವಿಷಯ ಬರಿ. ಕೊನೇವರೆಗೂ ಅದೊಂದು ಅವರನ್ನ ಬಿಡ್ಲಿಲ್ಲ," ಎಂದರು.

ಡಬ್ಬ ಆರಿದೆ. ಮುಚ್ಚಳ ಬಿಗಿಯಾಗಿ ಹಾಕಿದೆ.

ಚಾಮರಾಜಪೇಟೆಯ ಹಳಬರು ಯಾರಾದರೂ ಇದನ್ನು ಓದುತ್ತಿದ್ದರೆ, ಆ ಮಿಲ್ಲನ್ನು ನೆನಪು ಮಾಡಿಕೊಳ್ಳಿ. ನಡೆಸುತ್ತಿದ್ದವರು ಹೆಂಗಸು. ಬೇರೆಯವರ ಹಿಟ್ಟಿಗೆ ಖಾರ ತಾಗಬಾರದೆಂದು ಮಂಗಳವಾರ ಮಾತ್ರ ಮೆಣಸಿನಕಾಯಿ ಹಾಕುತ್ತಿದ್ದರಂತೆ. ಅವರು ಎಲ್ಲಿಗೆ ಹೋದರು, ಈಗ ಎಲ್ಲಿದ್ದಾರೆ ಎಂದು ಗೊತ್ತಿದ್ದವರು ಈ ಪತ್ರಿಕೆಯ ವಿಳಾಸಕ್ಕೆ ಎರಡು ಸಾಲು ಬರೆಯಿರಿ. ಅವರೇ ಸಿಕ್ಕರೆ, ನನಗೆ ಬರೆಯುವ ಮೊದಲು ಅವರಿಗೆ ಹೇಳಿಬಿಡಿ: ಅವತ್ತು ಕೋರ್ಟಿನಲ್ಲಿ ನೀವು ಹೇಳಿದ್ದು ಸರಿಯಾಗಿಯೇ ಇತ್ತು.