ಬಾಗಿಲಾಚೆಯ ಹುಡುಗ

ಅವಳು ತೀರಿಕೊಂಡ ಮರುದಿನ ಮನೆಗೆ ಬಂದವರಲ್ಲಿ ಮಗನಿಗೆ ಗುರುತೇ ಇಲ್ಲದವರು ಹಲವರಿದ್ದರು. ತಲೆ ಪೂರ್ತಿ ನರೆತ ಒಬ್ಬರು ಒಳಗೆ ಬರಬಹುದೋ ಬಾರದೋ ಎಂದು ಅನುಮಾನಿಸುತ್ತ ಬಾಗಿಲಲ್ಲೇ ನಿಂತು, "ಆ ಹುಡುಗ ತೀರಿಕೊಂಡ್ರಂತೆ, ಹೌದಾ?" ಎಂದು ಕೇಳಿದರು. ಕೇಳಿದ ಮೇಲೆ ತಮ್ಮ ಮಾತು ತಮಗೇ ವಿಚಿತ್ರವೆನಿಸಿ ನಾಲಿಗೆ ಕಚ್ಚಿಕೊಂಡರು.

ಮಗ, "ಹೌದು ಸಾರ್. ನಮ್ಮಮ್ಮ. ಬನ್ನಿ ಒಳಗೆ," ಎಂದ.

ಮಂಡಿನೋವಿನಿಂದ ಗೋಡೆ ಹಿಡಿದು ನಡೆಯುತ್ತಿದ್ದ, ಕನ್ನಡಕವನ್ನು ಮತ್ತೆ ಮತ್ತೆ ಕಳೆದುಕೊಂಡು ಕೊನೆಗೆ ದಾರ ಕಟ್ಟಿ ಕೊರಳಿಗೆ ನೇತುಹಾಕಿಕೊಂಡಿದ್ದ ಮುದುಕಿಯನ್ನು ಜನ ಹುಡುಗ ಎನ್ನುವುದಕ್ಕೆ ಕಾರಣ ಒಂದು ಸಿನಿಮಾ. ಅದರಲ್ಲಿ ಅವಳ ಮುಖವಿಲ್ಲ. ಶುರುವಿನಲ್ಲಿ ಬರುವ ಹೆಸರುಗಳಲ್ಲಿ ಅವಳ ಹೆಸರೂ ಇಲ್ಲ. ಹದಿಮೂರು ವರ್ಷದ ಒಬ್ಬ ಹುಡುಗ ಬಾಯಿ ತೆರೆದಾಗಲೆಲ್ಲ ಹೊರಗೆ ಬರುವ ಧ್ವನಿ ಮಾತ್ರ ಅವಳದು.

ಅವಳು ಆಗ ಒಂದು ಧ್ವನಿಮುದ್ರಣದ ಸ್ಟುಡಿಯೋದಲ್ಲಿ ಟೈಪಿಸ್ಟ್. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರೂ ಅವಳನ್ನು ಟೈಪಿಸ್ಟಕ್ಕ ಎನ್ನುತ್ತಿದ್ದರು. ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಅವಳ ಮೇಜು. ಪಾತ್ರಗಳ ಮಾತನ್ನೆಲ್ಲ ಟೈಪ್ ಮಾಡಿ, ಎಲ್ಲಿ ಉಸಿರು, ಎಲ್ಲಿ ತಡೆ ಎಂದು ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿ ಒಳಗೆ ಕೊಡುವುದು ಕೆಲಸ. ಒಳಗೆಂದರೆ ದಪ್ಪ ಬಾಗಿಲಿನ ಒಂದು ಕೋಣೆ. ಗೋಡೆಗೆಲ್ಲ ಹತ್ತಿ ತುಂಬಿದ ಬಟ್ಟೆ. ಸದ್ದಾಗುತ್ತದೆಂದು ಫ್ಯಾನು ಹಾಕುವಂತಿಲ್ಲ. ಮಾತಾಡಲು ಹೋದವರು ಸ್ನಾನ ಮಾಡಿ ಬಂದವರ ಹಾಗೆ ಹೊರಗೆ ಬರುತ್ತಿದ್ದರು.

ಆ ಸಿನಿಮಾದ ಶೂಟಿಂಗ್ ಮುಗಿದ ಕೂಡಲೇ, ಇನ್ನೂ ಮಾತು ತುಂಬುವ ಮೊದಲೇ, ನಿರ್ದೇಶಕರಿಗೆ ಕಾಮಾಲೆಯಾಯಿತು. ಅವರು ಹಾಸಿಗೆಯಿಂದ ಎದ್ದು ಬರುವಷ್ಟರಲ್ಲಿ ಇಲ್ಲಿ ಇನ್ನೊಂದು ಅನಾಹುತವಾಗಿತ್ತು. ಹುಡುಗನ ದನಿ ಒಡೆದುಹೋಗಿತ್ತು. ಹುಡುಗ ದೊಡ್ಡವನಾಗುವ ಕಥೆಯನ್ನು ಸಿನಿಮಾ ಮಾಡಿದವರಿಗೆ ಹುಡುಗ ದೊಡ್ಡವನಾಗುತ್ತಾನೆ ಎಂಬುದೊಂದು ತಲೆಗೆ ಹೊಳೆದಿರಲಿಲ್ಲ. ಪರದೆಯ ಮೇಲೆ ಮೀಸೆ ಮೂಡದ ಮುಖ. ಮೈಕಿನ ಮುಂದೆ ಕಪ್ಪೆ ಹೊಕ್ಕ ಗಂಟಲು. ನಿರ್ದೇಶಕರು ತಲೆ ಮೇಲೆ ಕೈ ಹೊತ್ತು ಕೂತರು. ಬೇರೆ ಹುಡುಗರನ್ನು ಕರೆಸಿದರು. ಸಿನಿಮಾದ ಒಂದು ತುಂಡಿನ ತಲೆಗೂ ಬಾಲಕ್ಕೂ ಗಂಟು ಹಾಕಿ ತಿರುಗಿಸುತ್ತಿದ್ದರು. ತುಟಿಗೆ ಮಾತು ಕೂಡುವವರೆಗೂ ಅದೇ ತುಂಡು ಮತ್ತೆ ಮತ್ತೆ ಬರುತ್ತಿತ್ತು. ಬಂದ ಹುಡುಗರು ಪಾಠ ಒಪ್ಪಿಸಿ, ಬೆವತು, ಅತ್ತು ಮನೆಗೆ ಹೋದರು.

ಒಬ್ಬನಿಗೆ ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ತೋರಿಸಲು ಟೈಪಿಸ್ಟಕ್ಕ ಒಳಗೆ ಹೋದಳು. ಮಂಡಿಯೂರಿ, ಅವನ ಎತ್ತರಕ್ಕೆ ಕೂತು, ಒಂದು ಸಾಲು ಹೇಳಿ ತೋರಿಸಿದಳು. ಮೈಕು ತೆರೆದೇ ಇತ್ತು. ಗಾಜಿನಾಚೆಯಿಂದ ನಿರ್ದೇಶಕರು ಕೂಗಿದರು: "ಸದ್ಯ! ಬಂದನಲ್ಲಪ್ಪ ನನ್ನ ಹುಡುಗ! ಯಾರ ಮಗ ಅವನು?"

"ನಮ್ಮಪ್ಪನ ಮಗಳು, ಸಾರ್," ಎಂದಳಂತೆ ಇವಳು.

ಪೂರ್ತಿ ಸಿನಿಮಾವನ್ನು ಹಾಗೇ ಮಂಡಿಯೂರಿ ಮಾತಾಡಿದಳು. ನಿಂತು ಮಾತಾಡಿದರೆ ದನಿಯಲ್ಲಿ ಹೆಂಗಸು ಬಂದುಬಿಡುತ್ತಾಳೆ ಎನ್ನುತ್ತಿದ್ದಳು. ಅದಾದ ಮೇಲೆ ಮೆಟ್ಟಿಲ ಕೆಳಗಿನ ಮೇಜಿಗೆ ವಾಪಸು ಹೋದಳು. ಗಡಿಯಾರ ರಿಪೇರಿ ಮಾಡುವವನನ್ನು ಮದುವೆಯಾದಳು, ಮಗ ಹುಟ್ಟಿದ, ಸ್ಟುಡಿಯೋ ಬಿಟ್ಟಳು. ಸಿನಿಮಾ ಮಾತ್ರ ಅವಳನ್ನು ಬಿಡಲಿಲ್ಲ. ಮೊದಲು ಥಿಯೇಟರಿನಲ್ಲಿ, ಆಮೇಲೆ ಶಾಲೆಗಳ ಅಂಗಳದಲ್ಲಿ, ಆಮೇಲೆ ಪ್ರತಿ ಬೇಸಿಗೆ ರಜೆಗೆ ಟೀವಿಯಲ್ಲಿ ಅದು ಬರುತ್ತಲೇ ಇತ್ತು.

ಕಥೆ ಹೇಳುವುದಾದರೆ ಎರಡು ಮಾತು. ಒಬ್ಬ ಹುಡುಗನ ಅಪ್ಪನಿಗೆ ಕೆಲಸ ಹೋಗಿದೆ. ಅಪ್ಪ ಅದನ್ನು ಮನೆಯಲ್ಲಿ ಹೇಳದೆ ದಿನಾ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಹೊರಟು, ಪಾರ್ಕಿನ ಬೆಂಚಿನ ಮೇಲೆ ಕೂತು, ಸಂಜೆ ಬರುತ್ತಾನೆ. ಹುಡುಗ ಅದನ್ನು ನೋಡಿಬಿಡುತ್ತಾನೆ. ಅಮ್ಮನಿಗೆ ಹೇಳಬೇಕೋ ಬೇಡವೋ? ಇಷ್ಟೇ. ಹೊಡೆದಾಟವಿಲ್ಲ, ಕುಣಿತವಿಲ್ಲ.

ಚಿಕ್ಕವರಿದ್ದಾಗ ನೋಡಿದವರಿಗೆ ಅದೊಂದು ಪತ್ತೇದಾರಿ ಕಥೆ. ಅಪ್ಪನ ಹಿಂದೆ ಗಿಡದ ಮರೆಯಿಂದ ಮರೆಗೆ ಓಡುವುದು, ಸಿಕ್ಕಿಬೀಳದೆ ಮನೆ ಸೇರುವುದು. ಇವಳೂ ಮಾತಾಡುವಾಗ ಹುಡುಗನ ಪಕ್ಷವೇ. ಬೆಂಚಿನ ದೃಶ್ಯ ಬಂದರೆ, "ಇದೊಂದು ಉದ್ದ ಎಳೆದಿದ್ದಾರೆ," ಎಂದು ಗೊಣಗುತ್ತಿದ್ದಳು. ಆಮೇಲೆ ಗಡಿಯಾರಗಳನ್ನು ರಿಪೇರಿ ಮಾಡಿಸುವವರು ಕಡಿಮೆಯಾದರು. ಕೆಟ್ಟರೆ ಬಿಸಾಡಿ ಹೊಸದು ಕೊಳ್ಳುವ ಕಾಲ ಬಂತು. ಗಂಡ ಅಂಗಡಿ ತೆರೆದು, ಒಂದೂ ಗಿರಾಕಿಯಿಲ್ಲದೆ, ಒರೆಸಿದ ಗಾಜನ್ನೇ ಒರೆಸುತ್ತ ಕೂರತೊಡಗಿದ. ಆ ವರ್ಷದ ರಜೆಯಲ್ಲಿ ಸಿನಿಮಾ ಬಂದಾಗ ಅವಳಿಗೆ ಹಿಂದೆಂದೂ ಕಾಣದ್ದೊಂದು ಕಂಡಿತು. ಬೆಂಚಿನ ಮೇಲಿನ ಅಪ್ಪ ಊಟದ ಹೊತ್ತಾಗುವವರೆಗೂ ಡಬ್ಬಿ ಮುಟ್ಟುವುದಿಲ್ಲ. ಕೈಗಡಿಯಾರ ನೋಡಿಕೊಳ್ಳುತ್ತಾನೆ, ಕಾಯುತ್ತಾನೆ, ಹೊತ್ತಾದ ಮೇಲೇ ಮುಚ್ಚಳ ತೆಗೆಯುತ್ತಾನೆ. "ಕೆಲಸ ಇಲ್ಲದವನಿಗೆ ಊಟದ ಹೊತ್ತು ಎಲ್ಲಿಂದ ಬಂತು ಹೇಳು," ಎಂದು ಗೆಳತಿಯೊಬ್ಬಳ ಮನೆಗೆ ಹೋಗಿ ಕೂತು ಅತ್ತಳು. "ಇಷ್ಟು ವರ್ಷ ಅದು ಅಲ್ಲೇ ಇತ್ತು. ನಾನೇ ಮಾತಾಡಿದ ಸಿನಿಮಾ. ನನಗೇ ಕಂಡಿರಲಿಲ್ಲ."

ಆ ಹುಡುಗನ ದನಿ ಅವಳದೆಂದು ತಿಳಿದು ಮಾತಾಡಿಸಿದವರೆಲ್ಲ ಹೆಚ್ಚುಕಡಿಮೆ ಇದನ್ನೇ ಹೇಳುತ್ತಿದ್ದರು. ಹಲ್ಲಿನ ಡಾಕ್ಟರೊಬ್ಬರು ಅವಳ ಬಾಯಿ ತೆರೆಸಿಟ್ಟುಕೊಂಡೇ, ತಮ್ಮ ಮಗಳ ಜೊತೆ ಕೂತು ನೋಡುವಾಗ ತಾವು ಅತ್ತ ಜಾಗದಲ್ಲಿ ಅವಳು ನಕ್ಕಳು, ಅವಳು ಅತ್ತ ಜಾಗ ತಮಗೆ ಮರೆತೇಹೋಗಿತ್ತು ಎಂದರಂತೆ. ಸಿನಿಮಾ ಇದ್ದಲ್ಲೇ ಇತ್ತು. ನೋಡುವವರು ಬೆಳೆದು ಬಂದಾಗ ಅದರೊಳಗೆ ಅವರಿಗಾಗಿ ಇನ್ನೊಬ್ಬರು ಕಾದು ಕೂತಿರುತ್ತಿದ್ದರು.

ಇದೆಲ್ಲ ಇಷ್ಟವಿಲ್ಲದೆ ಇದ್ದವನು ಮಗ ಒಬ್ಬನೇ. ಶಾಲೆಯಲ್ಲಿ ಅವನನ್ನು, "ನಿಮ್ಮಮ್ಮನೇ ನಿಮ್ಮಣ್ಣ ಅಂತೆ ಕಣೋ," ಎಂದು ಗೋಳು ಹುಯ್ದುಕೊಂಡಿದ್ದರು. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿ, ತನಗೂ ಮಗಳಾದ ಮೇಲೂ ಅವನು ಆ ಸಿನಿಮಾ ಬಂದರೆ ಚಾನಲ್ ಬದಲಿಸುತ್ತಿದ್ದ.

ಕಳೆದ ವರ್ಷ ನಿರ್ದೇಶಕರ ಮಗಳು ಹುಡುಕಿಕೊಂಡು ಬಂದಳು. ಅಪ್ಪ ತೀರಿಹೋಗಿದ್ದರು, ಸಿನಿಮಾವನ್ನು ತೊಳೆದು, ಗೀರು ತೆಗೆಸಿ, ಮತ್ತೆ ಥಿಯೇಟರಿಗೆ ತರಬೇಕೆಂದಿದ್ದಳು. ಚಿತ್ರ ಚೆನ್ನಾಗಿ ಉಳಿದಿತ್ತು. ಆದರೆ ಒಂದು ಕಡೆ ಧ್ವನಿ ಪೂರ್ತಿ ಕೆಟ್ಟಿತ್ತು. ಟೀವಿಯಲ್ಲಿ ಬರುತ್ತಿದ್ದ ಪ್ರತಿಯಲ್ಲೂ ಅಲ್ಲಿ ಎಣ್ಣೆಗೆ ನೀರು ಬಿದ್ದ ಹಾಗೆ ಚರಚರ ಸದ್ದೇ. ಹುಡುಗ ಕೋಣೆಯೊಳಗೆ ಚಿಲಕ ಹಾಕಿಕೊಂಡಿದ್ದಾನೆ. ಪರದೆಯ ಮೇಲೆ ಅಮ್ಮನ ಬೆನ್ನು, ಅದರಾಚೆ ಮುಚ್ಚಿದ ಬಾಗಿಲು. ಅಪ್ಪ ದಿನಾ ಎಲ್ಲಿಗೆ ಹೋಗುತ್ತಾರೆಂದು ಗೊತ್ತೇನೋ ಎಂದು ಅಮ್ಮ ಕೇಳುತ್ತಾಳೆ. ಒಳಗಿನಿಂದ ಅವನು, "ಆಫೀಸಿಗಲ್ಲದೆ ಇನ್ನೆಲ್ಲಿಗೆ ಹೋಗ್ತಾರೆ? ಮಲಕೋ ಹೋಗಮ್ಮ," ಎನ್ನುತ್ತಾನೆ. ಅಮ್ಮ ಹೊರಟುಹೋಗುತ್ತಾಳೆ.

"ಈ ಒಂದು ಮಾತು ನೀವು ಮತ್ತೆ ಹೇಳಿಕೊಡ್ಬೇಕು, ಆಂಟಿ," ಎಂದಳು ನಿರ್ದೇಶಕರ ಮಗಳು. "ಆಗಲಿಲ್ಲ ಅಂದ್ರೆ..." ಎಂದು ಅಲ್ಲಿಗೇ ನಿಂತಳು.

"ಆಗಲಿಲ್ಲ ಅಂದ್ರೆ ಏನಮ್ಮ? ಹೇಳು, ನಾನೇನು ಅಳಲ್ಲ."

"ಒಬ್ಬನೇ ಹುಡುಗನಿಗೆ ಎರಡು ದನಿ ಆಗಲ್ಲ ಅಂತಾರೆ ಬಿಡುಗಡೆ ಮಾಡೋರು. ಪೂರ್ತಿ ಪಾತ್ರಕ್ಕೇ ಹೊಸ ಹುಡುಗನ ಹತ್ರ ಮಾತಾಡಿಸ್ತಾರಂತೆ."

ಅವಳು ಅಳಲಿಲ್ಲ. ಅವತ್ತಿನಿಂದ ಬಿಸಿನೀರು ಬಿಟ್ಟು ಬೇರೇನೂ ಕುಡಿಯಲಿಲ್ಲ. ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಆ ಒಂದು ಮಾತನ್ನು ಹೇಳಿ ಹೇಳಿ ನೋಡಿದಳು. ಮೊಮ್ಮಗಳು ಬಾಗಿಲು ಬಡಿದು, "ಅಜ್ಜೀ, ಒಳಗೆ ಯಾರ ಜೊತೆ ಜಗಳ?" ಎಂದಳು. ಗೆಳತಿಯ ಹತ್ತಿರ ಮಾತ್ರ ಬಾಯಿಬಿಟ್ಟಳು: "ಅದನ್ನ ತೆಗೆದುಬಿಟ್ರೆ ನಾನು ಏನು ಮಾಡಿದೆ ಅಂತ ಹೇಳೋಕೆ ಏನೂ ಉಳಿಯಲ್ಲ ಕಣೆ. ಅಡುಗೆ ಮಾಡಿದ್ದನ್ನ ತಿಂದಾಯ್ತು, ಟೈಪ್ ಮಾಡಿದ್ದನ್ನ ರದ್ದಿಗೆ ಹಾಕಿಯಾಯ್ತು."

ಮಗ ರಜೆ ಹಾಕಿ ಕರೆದುಕೊಂಡು ಹೋದ. ಹೊಸ ಸ್ಟುಡಿಯೋ, ಫ್ಯಾನಿಲ್ಲದೆಯೂ ತಣ್ಣಗಿತ್ತು. ಯಂತ್ರದ ಮುಂದೆ ಕೂತಿದ್ದ ಸೌಂಡ್ ಇಂಜಿನಿಯರು ಮೊಮ್ಮಗಳಾಗಬಹುದಾದ ವಯಸ್ಸಿನ ಹುಡುಗಿ. ಈ ಸಿನಿಮಾವನ್ನು ಅವಳೂ ಚಿಕ್ಕಂದಿನಿಂದ ನೋಡಿದ್ದವಳೇ. ಎದ್ದು ಬಂದು ಕುರ್ಚಿ ಹಾಕಿದಳು. ಮಗ ಹಿಂದುಗಡೆಯ ಓಣಿಯಲ್ಲಿ ಹೋಗಿ ಕೂತ.

"ಕುರ್ಚಿ ಬೇಡ," ಎಂದು ಇವಳು ಮಂಡಿಯೂರಲು ಹೋದಳು. ಮಂಡಿ ಒಪ್ಪಲಿಲ್ಲ. ಇಬ್ಬರು ಹಿಡಿದು ಎಬ್ಬಿಸಬೇಕಾಯಿತು. ಕೊನೆಗೆ ಕೂತೇ ಮಾತಾಡಿದಳು. ಒಮ್ಮೆ ಹೇಳಿದಳು, ಇನ್ನೊಮ್ಮೆ ಹೇಳಿದಳು. ಇಂಜಿನಿಯರು ದನಿಯನ್ನು ಏರಿಸಿ ನೋಡಿದಳು, ತೆಳುಮಾಡಿ ನೋಡಿದಳು. ತನಗೆ ಗೊತ್ತಿದ್ದುದನ್ನೆಲ್ಲ ಮಾಡಿದಳು. ಹಳೆಯ ದನಿಯ ಪಕ್ಕದಲ್ಲಿಟ್ಟು ಕೇಳಿಸಿದಾಗ ಮೊದಲು ನಕ್ಕವಳು ಟೈಪಿಸ್ಟಕ್ಕನೇ. "ಅಯ್ಯೋ, ಚಡ್ಡಿ ಹಾಕ್ಕೊಂಡ ಅಜ್ಜಿ!"

ಬೇರೆ ಯಾರೂ ನಗಲಿಲ್ಲ. ಇಂಜಿನಿಯರು ಕಿವಿಯಿಂದ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟಳು. ನಿರ್ದೇಶಕರ ಮಗಳು ಕಿಟಕಿಯತ್ತ ತಿರುಗಿದಳು.

ಪರದೆಯ ಮೇಲೆ ಆ ದೃಶ್ಯ ಸದ್ದಿಲ್ಲದೆ ಮತ್ತೆ ಮತ್ತೆ ಬರುತ್ತಲೇ ಇತ್ತು. ಅಮ್ಮನ ಬೆನ್ನು. ಬಾಗಿಲು. ಅಮ್ಮ ಹೋಗುತ್ತಾಳೆ. ಮತ್ತೆ ಬೆನ್ನು. ಟೈಪಿಸ್ಟಕ್ಕ ಕೊರಳಿನ ಕನ್ನಡಕ ಏರಿಸಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಇವಳಿಗೆ ಗೊತ್ತು," ಎಂದಳು.

"ಯಾರಿಗೆ, ಆಂಟಿ?"

"ಅಮ್ಮನಿಗೆ. ನೋಡು, ಕೇಳಿದ ಮೇಲೆ ಬಾಗಿಲಿಗೆ ಕಿವಿ ಕೊಡಲ್ಲ. ಕೈ ನೋಡು, ಬಾಗಿಲನ್ನ ತಳ್ತಾ ಇಲ್ಲ, ಸುಮ್ಮನೆ ಇಟ್ಟಿದ್ದಾಳೆ. ಗಂಡ ಎಲ್ಲಿ ಹೋಗ್ತಾನೆ ಅಂತ ಅವಳಿಗೆ ಗೊತ್ತು. ಮಗನಿಗೂ ಗೊತ್ತಾಗಿಬಿಟ್ಟಿದೆಯಾ ಅನ್ನೋದು ಅವಳ ಭಯ."

ನಿರ್ದೇಶಕರ ಮಗಳು ಪರದೆಯ ಹತ್ತಿರ ಬಂದು ನಿಂತಳು.

"ಅಮ್ಮನ ಮಾತೂ ಹಾಳಾಗಿದೆ ತಾನೆ? ಅದನ್ನ ಆಡಿದವರು ಹೋಗಿಬಿಟ್ರು, ಪಾಪ. ಅದನ್ನ ನಾನು ಆಡ್ತೀನಿ. ಇಡೀ ಸಿನಿಮಾದಲ್ಲಿ ಅವಳು ಮಾತಾಡೋದು ಕಡಿಮೆ. ದನಿ ಬೇರೆ ಅಂತ ಯಾರೂ ಹಿಡಿಯಲ್ಲ."

"ಹುಡುಗನ ಉತ್ತರ?" ಎಂದಳು ಇಂಜಿನಿಯರು.

"ಬೇಡ. ಅವನು ಸುಮ್ಮನಿರ್ಲಿ. ಆ ವಯಸ್ಸಿನ ಹುಡುಗರು ಬಾಗಿಲು ಹಾಕ್ಕೊಂಡ ಮೇಲೆ ಯಾವತ್ತು ಉತ್ತರ ಕೊಟ್ಟಿದ್ದಾರಮ್ಮ?"

"ಅದು ಅಪ್ಪ ಬರೆದ ಮಾತು, ಆಂಟಿ," ಎಂದಳು ನಿರ್ದೇಶಕರ ಮಗಳು ಮೆಲ್ಲಗೆ.

"ಗೊತ್ತು ಕಣಮ್ಮ. ಟೈಪ್ ಮಾಡಿದವಳು ನಾನೇ."

"ಮಾಡಿ ನೋಡೋಣ," ಎಂದಳು ಇಂಜಿನಿಯರು. ಮೈಕಿನ ಮುಂದೆ ಬೇಡ, ನಿಜವಾದ ಬಾಗಿಲಿನ ಮುಂದೆಯೇ ಆಡುತ್ತೇನೆ ಎಂದಳು ಟೈಪಿಸ್ಟಕ್ಕ. ಸ್ಟುಡಿಯೋದ ಹಿಂದುಗಡೆ ಓಣಿಗೆ ತೆರೆಯುವ ಸಾದಾ ಮರದ ಬಾಗಿಲೊಂದಿತ್ತು. ಅದನ್ನು ಮುಚ್ಚಿ, ಮೈಕನ್ನು ಅಲ್ಲಿಗೆ ಸರಿಸಿದರು. ಇಂಜಿನಿಯರು ಕೈ ಎತ್ತಿ ಇಳಿಸಿದಳು. ಟೈಪಿಸ್ಟಕ್ಕ ಗದರುವ ದನಿಯಲ್ಲಿ ಕೇಳಿದಳು:

"ಇದ್ದೀಯೇನೋ? ನಿಮ್ಮಪ್ಪ ದಿನಾ ಎಲ್ಲಿಗೆ ಹೋಗ್ತಾರೋ? ನಿಂಗೇನಾದ್ರೂ ಗೊತ್ತೇನೋ?"

"ಇಲ್ಲೇ ಇದ್ದೀನಮ್ಮ!" ಎಂದು ಬಾಗಿಲಾಚೆಯಿಂದ ಗಡಸು ದನಿ ಬಂತು. "ಅಪ್ಪಾನಾ? ಏನಮ್ಮ, ಹುಷಾರಿದ್ದೀಯ ತಾನೆ?"

ಒಳಗಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾಗಿಲು ತೆರೆದಾಗ ಮಗ ಗಾಬರಿಯಾಗಿ ನಿಂತಿದ್ದ. ಅಪ್ಪ ತೀರಿಹೋಗಿ ವರ್ಷಗಳಾದ ಮೇಲೆ ಅಮ್ಮ ಹೀಗೆ ಕೇಳಿದರೆ ಅರಳುಮರುಳಾಯಿತೇನೋ ಎಂದು ಯಾರಿಗಾದರೂ ಅನಿಸುತ್ತದೆ.

"ನನ್ನ ಕೆಲಸ ಕೆಡಿಸಿದ್ಯಲ್ಲೋ, ಕತ್ತೆ. ಈಗ ಉತ್ತರ ಕೊಡ್ತಾನಂತೆ ಈಗ!" ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ.

"ನನಗೇನು ಗೊತ್ತು? ನನ್ನನ್ನೇ ಕೇಳಿದ್ಯೇನೋ ಅಂದ್ಕೊಂಡೆ." ಅವನು ಮುಖ ಕೆಂಪಗೆ ಮಾಡಿಕೊಂಡು ಪರದೆಯ ಕಡೆ ನೋಡಿದ. ಅಲ್ಲಿ ಸದ್ದಿಲ್ಲದೆ ಅಮ್ಮ ಹೊರಟುಹೋಗುತ್ತಿದ್ದಳು. ಅವನು ಆ ಸಿನಿಮಾವನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲಿರಬೇಕು. "ಬಾಗಿಲು ಹಾಕ್ಲಾ?" ಎಂದು ಕೇಳಿ ತಾನೇ ಮುಚ್ಚಿಕೊಂಡ.

ಇಂಜಿನಿಯರು ಮತ್ತೆ ಕೈ ಎತ್ತಿದಳು.

ಈ ಸಲ ಟೈಪಿಸ್ಟಕ್ಕ ಗದರಲಿಲ್ಲ. ಆಚೆ ಯಾರಿದ್ದಾರೆಂದು ಗೊತ್ತಿತ್ತು. ಅಂಗೈಯನ್ನು ಮರದ ಮೇಲಿಟ್ಟು, ಉತ್ತರ ಬಾರದಿದ್ದರೂ ಸರಿ ಎನ್ನುವ ಹಾಗೆ, ಬಾರದಿದ್ದರೇ ಸರಿ ಎನ್ನುವ ಹಾಗೆ ಕೇಳಿದಳು: "ಇದ್ದೀಯೇನೋ... ನಿಮ್ಮಪ್ಪ ದಿನಾ ಎಲ್ಲಿಗೆ ಹೋಗ್ತಾರೋ... ನಿಂಗೇನಾದ್ರೂ ಗೊತ್ತೇನೋ?"

ಆಚೆ ಮೌನ. ಪರದೆಯ ಮೇಲಿನ ಬೆನ್ನು ಕಾಯಿತು. ಇವಳೂ ಕಾದಳು. ಬೆನ್ನು ತಿರುಗುವ ಹೊತ್ತಿಗೆ ಬಾಗಿಲಾಚೆ ಒಂದು ಬೂಟು ಸರಿದು ಕಿರ್ರೆಂದಿತು.

ಇಂಜಿನಿಯರು ಅದನ್ನು ಹಳೆಯ ಧ್ವನಿಯ ನಡುವೆ ಕೂಡಿಸಿ ಕೇಳಿಸಿದಳು. ಹಿಂದಿನ ದೃಶ್ಯದಲ್ಲಿ ಹುಡುಗನ ದನಿ, ಆಮೇಲೆ ಈ ಬಾಗಿಲು, ಮುಂದಿನ ದೃಶ್ಯದಲ್ಲಿ ಮತ್ತೆ ಹುಡುಗನ ದನಿ. ನಿರ್ದೇಶಕರ ಮಗಳು ಮೂಗು ಸೀಟಿಕೊಂಡಳು. "ಅಪ್ಪ ಇದ್ದಿದ್ರೆ ನಿಮ್ಮ ಜೊತೆ ಸಂಜೆವರೆಗೂ ಜಗಳ ಆಡ್ತಿದ್ರು. ಆಮೇಲೆ ಇದನ್ನೇ ಇಟ್ಕೊಳ್ತಿದ್ರು. ಇದೇ ಇರ್ಲಿ, ಆಂಟಿ. ಹೊಸ ಹುಡುಗ ಬೇಡ ಅಂತ ನಾನೇ ಹೇಳ್ತೀನಿ ಅವರಿಗೆ."

"ಕೊನೇಲಿ ಕಿರ್ ಅಂತಲ್ಲ, ಆ ಸದ್ದು ತೆಗೆದುಬಿಡ್ಲಾ?" ಎಂದು ಕೇಳಿದಳು ಇಂಜಿನಿಯರು.

"ಇರ್ಲಿ ಬಿಡು," ಎಂದಳು ಟೈಪಿಸ್ಟಕ್ಕ. "ಒಳಗೆ ಹುಡುಗ ಇದ್ದಾನೆ ಅಂತ ಗೊತ್ತಾಗ್ಬೇಕಲ್ಲ."