ಅಣ್ಣತಮ್ಮಂದಿರ ಡೋಜರ್

ಕಳೆದ ವಾರ ದಾದರ್ ಸ್ಟೇಷನ್ನಿನಲ್ಲಿ ಎಸ್ಕಲೇಟರ್ ಕೆಟ್ಟು ನಿಂತಿತ್ತು. ಮೆಟ್ಟಿಲು ಬಿಚ್ಚಿ ಒಬ್ಬ ಒಳಗೆ ಗ್ರೀಸ್ ಹಾಕುತ್ತಿದ್ದ. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಜನರ ನಡುವೆ ನಿಂತುಬಿಟ್ಟೆ. ಹಿಂದಿನವರು ಬೈದರು. ದಾದರಿನಲ್ಲಿ ನಿಂತವರನ್ನು ಬೈಯದೆ ಇನ್ನೇನು ಮಾಡುತ್ತಾರೆ? ಮೊಣಕಾಲು ನೋವಿನ ನೆಪ ಹೇಳಿ ಗೋಡೆಗೆ ಒರಗಿದೆ. ನಿಜವಾಗಿ ನೆನಪಾದದ್ದು ನನ್ನ ಅಣ್ಣ ಮತ್ತು ತಮ್ಮನ ಡೋಜರ್.

ನೀವೂ ನೋಡಿರುತ್ತೀರಿ, ಗಾಲಿಯ ಬದಲು ಕಬ್ಬಿಣದ ಚೈನಿನ ಮೇಲೆ ತೆವಳುತ್ತ ಮಣ್ಣು ತಳ್ಳುವ ಹಳದಿ ಯಂತ್ರ. ವಿಜಯಪುರದ ಕಡೆಯಿಂದ ಮುಂಬಯಿಗೆ ಬಂದ ಅಣ್ಣ ಬಸಣ್ಣ, ತಮ್ಮ ಮಲ್ಲು ಅದನ್ನು ಕೂಡಿ ಕೊಂಡಿದ್ದರು. ಈಗ ಬಿಲ್ಡಿಂಗುಗಳೆದ್ದಿರುವ ಎಷ್ಟೋ ಜಾಗಗಳನ್ನು ಸಮ ಮಾಡಿದವರು ಅವರು. ಲೋಕಲಿನ ಕಿಟಕಿಯಿಂದ ಗುರುತಿಲ್ಲದವರಿಗೂ ತೋರಿಸಿ "ಇದು ನಮ್ಮವರದು" ಎನ್ನುತ್ತಿದ್ದೆ. ಅವರು ಇಡೀ ಬಿಲ್ಡಿಂಗೇ ನಮ್ಮದೆಂದು ತಿಳಿದು ಸರಿದು ಜಾಗ ಕೊಡುತ್ತಿದ್ದರು. ನಾನೂ ತಿದ್ದುತ್ತಿರಲಿಲ್ಲ.

ಊರಿನಲ್ಲಿ ಅವ್ವ ತೀರಿಕೊಂಡಾಗ ಅದೆಲ್ಲ ಮುರಿಯಿತು. ಸುಡು ಬೇಸಿಗೆ. ಅವ್ವನಿಗೆ ಹುಷಾರಿಲ್ಲವೆಂದು ಬಸಣ್ಣ ಮತ್ತು ನಾನು ಮೊದಲೇ ಹೋಗಿದ್ದೆವು. ಮಲ್ಲು ಸುದ್ದಿ ತಿಳಿದು ಹೊರಟು ದಾರಿಯಲ್ಲಿದ್ದ. ಇನ್ನು ಇಡಬಾರದೆಂದು ಹಿರಿಯರು ಹೇಳಿದರು, ಬಸಣ್ಣ ಒಪ್ಪಿದ. ಮಲ್ಲು ಬಸ್ಸಿಳಿದು ಬರುವಾಗ ಎಲ್ಲರೂ ಮಣ್ಣು ಮಾಡಿ ಬಂದು ಕೈಕಾಲು ತೊಳೆಯುತ್ತಿದ್ದರು. "ನೀ ನನಗ ಕಾಯಲಿಲ್ಲ" ಎಂದಷ್ಟೇ ಅಂದು, ಅವ್ವನನ್ನು ಇಟ್ಟ ಜಾಗವನ್ನೂ ನೋಡದೆ ಬಂದ ದಾರಿಯಲ್ಲೇ ತಿರುಗಿದ.

ಆಮೇಲೆ ಮಾತಿಲ್ಲ. ಬಸಣ್ಣನದು ಭಾಂಡುಪ್, ಮಲ್ಲುವಿನದು ಬೊರಿವಲಿ. ನಡುವೆ ದಾದರಿನಲ್ಲಿ ಗಾಡಿ ಬದಲಿಸಬೇಕು. ಸಿಟ್ಟಿಗೆ ಅದೂ ಒಂದು ನೆಪವಾಯಿತು. ಭಾಂಡುಪಿನ ಖಾಲಿ ಜಾಗವೊಂದರಲ್ಲಿ ಡೋಜರ್ ಮಳೆಗಾಲಗಳನ್ನು ನೆನೆಯುತ್ತ ನಿಂತಿತು. ಒಬ್ಬನಿಲ್ಲದೆ ಇನ್ನೊಬ್ಬ ಮುಟ್ಟಲಿಲ್ಲ. ನಾನು ಆಂಟಾಪ್ ಹಿಲ್‌ನ ಮನೆಯಿಂದ ಫೋನು ಮಾಡಿ, ಕೇಳದಿದ್ದರೂ ಒಬ್ಬನ ಕ್ಷೇಮ ಇನ್ನೊಬ್ಬನಿಗೆ ಹೇಳುತ್ತಿದ್ದೆ.

ಕಡೆಗೆ ಜಾಗದವರು ಖಾಲಿ ಮಾಡಿ ಎಂದರು. ಮಾರುವುದೆಂದಾಯಿತು, ಅದಕ್ಕೂ ಮಾತು ನನ್ನ ಮೂಲಕವೇ. ಆದರೆ ಎಡಗಡೆಯ ಚೈನು ಜೋತುಬಿದ್ದಿತ್ತು. ಹಾಗೇ ಟ್ರೇಲರ್ ಹತ್ತಿಸಿದರೆ ಕಳಚಿಕೊಳ್ಳುತ್ತದೆ. ಚೈನು ಬಿಗಿ ಮಾಡಲು ಒಳಗೊಂದು ಅಡ್ಜಸ್ಟರ್ ಇರುತ್ತದೆ. ಅದಕ್ಕೆ ಗ್ರೀಸ್ ತುಂಬಿದರೆ ಮುಂದಿನ ಚಕ್ರವನ್ನು ತಳ್ಳಿ ಚೈನನ್ನು ಎಳೆದು ಹಿಡಿಯುತ್ತದೆ. ಅದೀಗ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಒಬ್ಬರಿಂದ ಆಗುವ ಕೆಲಸವಲ್ಲ. ಇಬ್ಬರೂ ಬಂದರು. ರೊಟ್ಟಿಯ ಬುತ್ತಿ ಕಟ್ಟಿಕೊಂಡು ನಾನೂ ಹೋದೆ.

ಮಲ್ಲು ಗಟ್ಟಿಯಾದ ಕೆಸರು ಕೆತ್ತಿ, ಎಣ್ಣೆ ಬಿಟ್ಟು, ಗನ್ನಿನಿಂದ ಗ್ರೀಸ್ ಒತ್ತಿದ. ಎಷ್ಟು ಒತ್ತಿದರೂ ಚಕ್ರ ಅಲುಗಲಿಲ್ಲ. ಬಸಣ್ಣ ಆಚೆ ಬದಿ ಹೊಸ ಬ್ಯಾಟರಿ ಜೋಡಿಸುತ್ತಿದ್ದ. ಒಳಗಿನ ಒತ್ತಡ ಇಳಿಸೋಣವೆಂದು ಮಲ್ಲು ವಾಲ್ವ್ ಸಡಿಲಿಸಲು ಪಾನಾ ಹಾಕಿ, ಅದರ ಎದುರಿಗೇ ಬಗ್ಗಿದ.

"ಮಲ್ಲು, ಎದುರಿಗೆ ನಿಂದರಬ್ಯಾಡ. ಬಾಜೂಕ ಸರಿ," ಎಂದ ಬಸಣ್ಣ.

ಅಷ್ಟು ವರ್ಷಗಳ ಮೇಲೆ ಆಡಿದ ಮೊದಲ ಮಾತು. ಮಲ್ಲು ಸರಿದ. ಪಾನಾ ಒಂದಿಷ್ಟು ತಿರುಗಿದ್ದೇ ಗ್ರೀಸ್ ಚಿಮ್ಮಿ, ಅವನ ಮುಖವಿದ್ದ ಜಾಗ ದಾಟಿ ತಗಡಿನ ಬೇಲಿಗೆ ಬಡಿಯಿತು.

"ಎಲ್ಲೂ ಬಡೀಲಿಲ್ಲಲ್ಲ?"

"ಇಲ್ಲ."

"ಹಿಂದಿನ ಹಲ್ಲಿನ ಚಕ್ರಕ್ಕ ಕಟಿಗಿ ಕೊಡು. ನಾ ಎಳೀತೀನಿ."

ಹಲ್ಲಿನ ಚಕ್ರಕ್ಕೂ ಚೈನಿಗೂ ನಡುವೆ ಮಲ್ಲು ಮರದ ತುಂಡು ಇಟ್ಟು ದೂರ ನಿಂತ. ಬಸಣ್ಣ ಇಂಜಿನ್ ಚಾಲೂ ಮಾಡಿ ನಿಧಾನವಾಗಿ ಎಳೆದ. ಚೈನು ಸೆಟೆಯಿತು. ಏನೋ ಮುರಿದಂಥ ಸದ್ದಾಯಿತು. ಎಲ್ಲ ಕೆಟ್ಟಿತೆಂದು ನಾನು ಕಣ್ಣು ಮುಚ್ಚಿದೆ. ಮುರಿದದ್ದು ತುಕ್ಕು. ಮುಂದಿನ ಚಕ್ರ ಹಿಂದಕ್ಕೆ ಸರಿದಿತ್ತು. ಕಟ್ಟಿಗೆ ತೆಗೆದು, ವಾಲ್ವ್ ಮುಚ್ಚಿ, ಮತ್ತೆ ಗ್ರೀಸ್ ಒತ್ತಿದಾಗ ಚಕ್ರ ಮುಂದೆ ಬಂತು, ಚೈನು ಬಿಗಿಯಾಯಿತು.

"ಬಂತು ನೋಡಣ್ಣಾ," ಎಂದ ಮಲ್ಲು.

ಒಂದೇ ಬುತ್ತಿಯಿಂದ ಹರಿದು ತಿಂದರು. ಡೋಜರಿನ ಮಾತು ಬಿಟ್ಟು ಬೇರೆ ಬರಲಿಲ್ಲ. ಬಂದದ್ದೂ ನಿಂತೀತೆಂಬ ಭಯಕ್ಕೆ ನಾನು ನೀರು ಕೇಳಲಿಲ್ಲ.

ಟ್ರೇಲರ್ ಜೊತೆ ಮಲ್ಲು ಹೋದ. ಬಸಣ್ಣ ರಸ್ತೆಯನ್ನೇ ನೋಡುತ್ತ, "ಕಾಯಬೇಕಾಗಿತ್ತು, ತಂಗಿ. ಇನ್ನೊಂದು ತಾಸು ಕಾದಿದ್ದರ ಏನಾಗ್ತಿತ್ತು?" ಎಂದ.

"ಅವಗ ಹೇಳು."

"ನಾನೇ ಹೇಳ್ತೀನಿ. ನೀ ಹೇಳಬ್ಯಾಡ. ರವಿವಾರ ಹೋಗ್ತೀನಿ."

ಒಂದು ರವಿವಾರ ಮೆಗಾ ಬ್ಲಾಕ್, ಹಳಿ ರಿಪೇರಿಗೆಂದು ಗಾಡಿಗಳೇ ಇಲ್ಲ. ಇನ್ನೊಂದು ರವಿವಾರ ಹಳಿಯ ಮೇಲೆ ಮಳೆ ನೀರು. ಒಂದು ರವಿವಾರ ದಾದರಿನವರೆಗೆ ಹೋಗಿ ಹಿಂತಿರುಗಿದನಂತೆ. ಆ ಚಳಿಗಾಲದಲ್ಲಿ ಬಸಣ್ಣ ಎದೆನೋವಿನಿಂದ ಹೋಗಿಬಿಟ್ಟ. ಮಲ್ಲು ಬಂದು ಹೆಗಲು ಕೊಟ್ಟ. ದಾರಿಯಲ್ಲಿ ಯಾರು ಕೇಳಿದರೂ ಹೆಗಲು ಬಿಟ್ಟುಕೊಡಲಿಲ್ಲ.

ದಾದರಿನ ಗೋಡೆ ಬಿಟ್ಟು ಆವತ್ತು ನಾನು ಮನೆಗೆ ಹೋಗಲಿಲ್ಲ, ಬೊರಿವಲಿ ಗಾಡಿ ಹತ್ತಿದೆ. ಮಲ್ಲುವಿನ ಮುಂದೆ ಕೂತು ಬಸಣ್ಣ ಅಂದದ್ದನ್ನು ಅಂದಂತೆಯೇ ಹೇಳಿದೆ.

"ನಾನರ ಯಾಕ ಹೋಗಲಿಲ್ಲಕ್ಕಾ? ನನಗೂ ಕಾಲಿದ್ದವಲ್ಲ," ಎಂದ. ಆಮೇಲೆ ಕೇಳಿದ, "ಅವ್ವನ್ನ ಎಲ್ಲಿ ಇಟ್ಟಾರ, ನಿನಗ ಗೊತ್ತೈತಿ?"

"ಗೊತ್ತೈತಿ."

"ತೋರಿಸು ನನಗ."

ಮುಂದಿನ ವಾರ ವಿಜಯಪುರಕ್ಕೆ ಹೊರಟಿದ್ದೇವೆ. ಮೂವರು ಹೋಗಬಹುದಾಗಿದ್ದ ದಾರಿ; ಇಬ್ಬರೇ ಹೋಗುತ್ತಿದ್ದೇವೆ.